ಎಲ್ಲರೂ ಸುವರ್ಣಾ ಆಗಿದ್ದ ಬೇಸಿಗೆ

ಹೋದ ತಿಂಗಳು ಅಮ್ಮನ ಪಿಂಚಣಿ ಕೆಲಸಕ್ಕೆಂದು ಜಯನಗರದ ನಮ್ಮ ಬ್ಯಾಂಕಿಗೆ ಹೋಗಿದ್ದೆ. ಕೆಲಸ ಮುಗಿಸಿ ಏಳುವಷ್ಟರಲ್ಲಿ ಕೌಂಟರಿನ ಹೆಣ್ಣುಮಗಳು ಒಂದು ಬಣ್ಣಬಣ್ಣದ ಚೀಟಿ ಮುಂದೆ ತಳ್ಳಿದಳು.

“ಮೇಡಂ, ಡಾರ್ಕ್ ವೆಬ್ ಮಾನಿಟರಿಂಗ್ ಹಾಕಿಸ್ಕೊಂಡ್ಬಿಡಿ. ನಿಮ್ಮ ಡೇಟಾ ಅಲ್ಲೆಲ್ಲಾದ್ರೂ ಕಾಣಿಸ್ಕೊಂಡ್ರೆ ತಕ್ಷಣ ಮೊಬೈಲಿಗೆ ಮೆಸೇಜ್ ಬರತ್ತೆ. ತುಂಬಾ ಸೇಫ್ ಮೇಡಂ.”

“ಮೆಸೇಜ್ ಬಂದ್ಮೇಲೆ?” ಎಂದೆ.

“ಬಂದ್ಮೇಲೆ ನಿಮಗೆ ಗೊತ್ತಾಗತ್ತಲ್ಲ ಮೇಡಂ.”

“ನನಗೆ ಗೊತ್ತಾಗತ್ತೆ. ನೀವೇನ್ ಮಾಡ್ತೀರಿ?”

ಅವಳು ಪಕ್ಕದ ಕೌಂಟರಿನವರ ಮುಖ ನೋಡಿದಳು. ಪಾಪ, ಅವಳದೇನೂ ತಪ್ಪಿಲ್ಲ. ಮಾರು ಅಂತ ಮೇಲಿನವರು ಕೊಟ್ಟಿದ್ದಾರೆ, ಮಾರುತ್ತಿದ್ದಾಳೆ. ಆದರೂ ನನಗೆ ಪಿತ್ತ ನೆತ್ತಿಗೇರಿತು. ಚೀಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಸುಮ್ಮನೆ ಕೂತೆ. ಇಷ್ಟು ವರ್ಷವಾದರೂ ಆ ಬೇಸಿಗೆಯ ಸಿಟ್ಟು ನನ್ನಿಂದ ಇಳಿದಿಲ್ಲ. ಇಳಿಯುವುದು ಬೇಕಾಗಿಯೂ ಇಲ್ಲ.

ಈಗ ಹೀಗೆ ಕೌಂಟರಿನಲ್ಲಿ ಮಾರುವ ಈ ಕಾವಲು ಕೆಲಸವನ್ನು ನಾನು ಎರಡು ಸಾವಿರದ ದಶಕದ ನಡುವಿನಲ್ಲಿ, ಅದಕ್ಕೊಂದು ಸರಿಯಾದ ಹೆಸರೂ ಇಲ್ಲದ ಕಾಲದಲ್ಲಿ, ಸಂಬಳಕ್ಕೆ ಮಾಡುತ್ತಿದ್ದೆ. ಜೆ.ಪಿ. ನಗರದ ಒಂದು ಮನೆಯ ಮಹಡಿಯೇ ನಮ್ಮ ಕಚೇರಿ. ಕೆಳಗೆ ಮನೆಯವರು ಹಪ್ಪಳ ಒಣಗಿಸುತ್ತಿದ್ದರು, ಮೇಲೆ ನಾವು ಕಳ್ಳರನ್ನು ಕಾಯುತ್ತಿದ್ದೆವು. ಎಸಿ ಇದ್ದದ್ದು ಮೆಷಿನ್ನುಗಳ ಕೋಣೆಗೆ ಮಾತ್ರ. ಮನುಷ್ಯರಿಗೆ ಫ್ಯಾನು. ಆ ವರ್ಷ ಮಾರ್ಚಿನಲ್ಲೇ ಬಿಸಿಲು ಸುಡತೊಡಗಿತ್ತು; ಕರೆಂಟು ಹೋದಾಗಲೆಲ್ಲ ಫ್ಯಾನೂ ನಿಂತು, ಯುಪಿಎಸ್ ಕೀಂಯ್ ಕೀಂಯ್ ಎನ್ನುತ್ತಾ ಮೆಷಿನ್ನುಗಳನ್ನಷ್ಟೇ ಸಾಕುತ್ತಿತ್ತು. ನಮ್ಮ ಬಾಸ್ ರಘು ಸಾರ್ ಮಾತ್ರ ಕುತ್ತಿಗೆಗೆ ಕರ್ಚೀಫು ಸುತ್ತಿಕೊಂಡು, “ಇದೇ ಮುಂದಿನ ಬಿಸಿನೆಸ್ಸು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಸುಳ್ಳಾಗಲಿಲ್ಲ.

ಕೆಲಸ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಎಲ್ಲರ ಕಣ್ಣಿಗೆ ಬೀಳದ ಮೂಲೆಗಳಿದ್ದವು, ಈಗಲೂ ಇವೆ. ಒಳಗಿರುವವರು ಯಾರಾದರೂ ‘ಇವನು ನಮ್ಮವನೇ’ ಎಂದರೆ ಮಾತ್ರ ಅಲ್ಲಿ ಬಾಗಿಲು ತೆಗೆಯುತ್ತಿತ್ತು. ಕದ್ದ ಹೆಸರು, ಫೋನ್ ನಂಬರು, ಕಾರ್ಡ್ ನಂಬರುಗಳನ್ನು ಅಲ್ಲಿ ರಾಶಿಗಟ್ಟಲೆ ಮಾರುತ್ತಿದ್ದರು. ನಾವು ಅದನ್ನು ಚೋರ್ ಬಜಾರ್ ಎನ್ನುತ್ತಿದ್ದೆವು. ನಾನು ಗಂಡಸಿನ ಹೆಸರಿಟ್ಟುಕೊಂಡು ತಿಂಗಳುಗಟ್ಟಲೆ ಆ ಬಜಾರಿನಲ್ಲಿ ಕಾಡುಹರಟೆ ಹೊಡೆದು ಒಳಗೆ ಸೇರಿಕೊಂಡಿದ್ದೆ. ಮಾರುವವನು ಮೊದಲು ಒಂದಿಷ್ಟು ಸ್ಯಾಂಪಲ್ ಬಿಟ್ಟಿಯಾಗಿ ಹಾಕುತ್ತಿದ್ದ, ಕಡಲೆಕಾಯಿ ಮಾರುವವನು ರುಚಿ ನೋಡಲು ನಾಲ್ಕು ಕಾಯಿ ಕೈಗಿಡುತ್ತಾನಲ್ಲ, ಹಾಗೆ. ಆ ಸ್ಯಾಂಪಲ್ಲುಗಳನ್ನೆಲ್ಲ ಓದಿ, ನಮಗೆ ದುಡ್ಡು ಕೊಡುವ ಕಂಪನಿಗಳ ಮಾಲು ಅದರಲ್ಲಿದೆಯೇ ಎಂದು ಹುಡುಕುವ ಒಂದು ಪ್ರೋಗ್ರಾಂ ನಮ್ಮಲ್ಲಿತ್ತು. ಅದಕ್ಕೆ ನಾವಿಟ್ಟ ಹೆಸರು ಜರಡಿ.

ಜರಡಿಗೆ ಸಿಕ್ಕಿದ್ದು ಎಲ್ಲಿಂದ ಸೋರಿದ್ದು ಎಂದು ತಿಳಿಯಲು ನಮ್ಮದೊಂದು ಉಪಾಯವಿತ್ತು: ಸುಳ್ಳು ಗಿರಾಕಿ. ಒಂದು ಬ್ಯಾಂಕು ತನ್ನ ಕಾರ್ಡಿನ ಅರ್ಜಿಗಳನ್ನು ಬಿಟಿಎಂ ಲೇಔಟಿನ ಒಂದು ಹೊರಗಿನ ಕಂಪನಿಯಲ್ಲಿ ಟೈಪ್ ಮಾಡಿಸುತ್ತಿತ್ತು. ಪ್ರತಿ ತಿಂಗಳು ನಾನು ಭೂಮಿಯ ಮೇಲೆ ಇಲ್ಲದ ಒಬ್ಬ ಗಿರಾಕಿಯನ್ನು ಹುಟ್ಟಿಸಿ ಕೊಡುತ್ತಿದ್ದೆ. ಬ್ಯಾಂಕಿನವರು ಆ ಹೆಸರನ್ನು ಬಿಟಿಎಂನ ಕಡತದಲ್ಲಿ ಮಾತ್ರ, ಅಲ್ಲಿಯವರಿಗೂ ಗೊತ್ತಾಗದಂತೆ, ಸೇರಿಸುತ್ತಿದ್ದರು. ಆ ಹೆಸರು ಚೋರ್ ಬಜಾರಿನಲ್ಲಿ ಕಂಡರೆ ಮಾಲು ಹೋದದ್ದು ಬಿಟಿಎಂನಿಂದಲೇ. ತಿಂಗಳು ತಿರುಗಿದರೆ ಹಳೆಯವರನ್ನು ಅಳಿಸಿ ಹೊಸಬರು. ಆ ಏಪ್ರಿಲ್‌ನ ಗಿರಾಕಿಗೆ ಕಮಲಾಕ್ಷಿ ಎಂದು ಹೆಸರಿಟ್ಟೆ. ಮನೆ ಅರೆಕೆರೆ, ಗಂಡ ಇಲ್ಲ, ಟೈಲರಿಂಗ್ ಅಂಗಡಿ. ಹೊಲಿಗೆ ಮೆಷಿನ್ ಕೊಡಿಸುವುದೊಂದು ಬಾಕಿ, ಅಷ್ಟು ಪ್ರೀತಿಯಿಂದ ಹುಟ್ಟಿಸಿದ್ದೆ.

ಕಮಲಾಕ್ಷಿ ಹುಟ್ಟುವ ಮೊದಲೇ, ಮಾರ್ಚಿನಲ್ಲಿ, ಒಂದು ಸಲ ಮುಖ ತೋರಿಸಿ ಬಾ ಎಂದು ರಘು ಸಾರ್ ನನ್ನನ್ನು ಆ ಬಿಟಿಎಂ ಕಚೇರಿಗೆ ಕಳಿಸಿದ್ದರು. ಒಂದು ಆಂಧ್ರ ಮೀಲ್ಸ್ ಹೋಟೆಲಿನ ಮೇಲಿನ ಉದ್ದನೆಯ ಹಾಲ್. ಸಾಲಾಗಿ ಕಂಪ್ಯೂಟರು, ಎದುರಿಗೆ ಹುಡುಗ ಹುಡುಗಿಯರು, ಕೆಳಗಿನಿಂದ ಗೊಂಗೂರ ಒಗ್ಗರಣೆಯ ಘಾಟು. ನೀರಿನ ಕ್ಯಾನಿನ ಮೇಲ್ಗಡೆ ಗೋಡೆಗೆ ಒಂದು ಹಾಳೆ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದರು. ಮೊದಲ ಸಾಲಿನಲ್ಲಿ ಯೂಸರ್ ಹೆಸರು ‘ಸುವರ್ಣಾ’. ಎರಡನೆಯದರಲ್ಲಿ ಪಾಸ್‌ವರ್ಡ್.

“ಸುವರ್ಣಾ ಯಾರು?” ಎಂದು ಕೇಳಿದೆ.

ಹಿಂದಿನ ಸಾಲಿನಲ್ಲಿ ಎರಡು ಜಡೆ ಮಡಚಿ ಕಟ್ಟಿದ್ದ ಒಂದು ಸಣಕಲು ಹುಡುಗಿ ಎದ್ದು, “ನಾನ್ರಿ ಮೇಡಂ” ಎಂದಳು. ಅಷ್ಟರಲ್ಲಿ ಮುಂದಿನ ಸಾಲಿನ ಮೀಸೆಯವನೊಬ್ಬ, “ನಾನೂ ಸುವರ್ಣಾನೇ ಮೇಡಂ” ಎಂದ. “ನಾನೂನೂ!” ಎಂದು ಇನ್ನೊಬ್ಬ. ಹಾಲ್ ಪೂರ್ತಿ ನಕ್ಕಿತು. ಎದ್ದು ನಿಂತವಳೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ವಿಷಯವೇನೆಂದರೆ, ಕಚೇರಿ ಶುರುವಾದಾಗ ಮೊದಲು ಸೇರಿದವಳು ಗದಗದ ಕಡೆಯಿಂದ ಬಂದ ಈ ಸುವರ್ಣಾ. ಬ್ಯಾಂಕು ಅವಳ ಹೆಸರಿನಲ್ಲಿ ಒಂದು ಲಾಗಿನ್ ಕೊಟ್ಟಿತು. ಆಮೇಲೆ ಸೇರಿದವರಿಗೆ ಲಾಗಿನ್ ಬೇಕೆಂದರೆ ಬ್ಯಾಂಕಿಗೆ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಬಾರದಲ್ಲ, ಸದ್ಯಕ್ಕೆ ಅವಳದರಲ್ಲೇ ಎಲ್ಲರೂ ಒಳಗೆ ಹೋಗಿ ಎಂದು ಮ್ಯಾನೇಜರ್ ಪ್ರಕಾಶ್ ಹೇಳಿದ್ದ. ಆ ‘ಸದ್ಯಕ್ಕೆ’ ಎರಡು ವರ್ಷ ನಡೆದಿತ್ತು. ಅವಳು ಊಟಕ್ಕೆ ಹೋದಾಗಲೂ, ರಜೆಯ ಮೇಲೆ ಊರಿಗೆ ಹೋದಾಗಲೂ ಬ್ಯಾಂಕಿನ ದಾಖಲೆಯ ಪ್ರಕಾರ ಸುವರ್ಣಾ ಕೂತು ಕೆಲಸ ಮಾಡುತ್ತಲೇ ಇದ್ದಳು.

“ಇದು ಡೇಂಜರ್ ಪ್ರಕಾಶ್ ಅವರೇ,” ಎಂದೆ.

“ಅಯ್ಯೋ ಬಿಡಿ ಮೇಡಂ, ನಮ್ಮಲ್ಲಿ ಎಲ್ಲಾ ಒಂದೇ ಫ್ಯಾಮಿಲಿ ಥರ. ಬನ್ನಿ, ಬಾದಾಮ್ ಹಾಲು ಕುಡೀರಿ.”

ನನ್ನ ವರದಿಯಲ್ಲಿ ಮೊದಲು ಬರೆದದ್ದೇ ಇದನ್ನು. ರಘು ಸಾರ್ ಓದಿ, ಆ ಪ್ಯಾರಾದ ಮೇಲೆ ಅಡ್ಡಗೀಟು ಎಳೆದರು. “ಬ್ಯಾಂಕ್ ನಮಗೆ ದುಡ್ಡು ಕೊಡೋದು ಹೊರಗಡೆ ಕಳ್ಳರನ್ನ ನೋಡಿ ಹೇಳೋಕಮ್ಮ. ಅವರ ಮನೆ ಅಡುಗೆಕೋಣೆ ಇಣುಕಿ ನೋಡೋಕಲ್ಲ.” ವಾದ ಮಾಡಿದೆ. ಉಳಿದ ವರದಿ ಚೆನ್ನಾಗಿದೆ ಎಂದು ಹೊಗಳಿ ಕಳಿಸಿದರು.

ಏಪ್ರಿಲ್ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಜರಡಿಗೆ ಕಮಲಾಕ್ಷಿ ಸಿಕ್ಕಿದಳು. ಅರೆಕೆರೆಯ ನನ್ನ ಟೈಲರಮ್ಮ ಯಾವುದೋ ದೇಶದ ಯಾವನೋ ಹಾಕಿದ ಸ್ಯಾಂಪಲ್ಲಿನ ನಡುವೆ, ನಿಜವಾದ ಮನುಷ್ಯರ ಹೆಸರುಗಳ ಜೊತೆ, ಕೂತಿದ್ದಳು. ನಾನು ಕುರ್ಚಿಯಿಂದ ಎದ್ದು ಕಿರುಚಿದೆ. ಅಷ್ಟು ದಿನ ನಾವು ಹಾಕಿದ ಗಾಳಕ್ಕೆ ಮೊದಲ ಸಲ ಮೀನು ಬಿದ್ದಿತ್ತು. ರಘು ಸಾರ್ ಬ್ಯಾಂಕಿಗೆ ಫೋನ್ ಮಾಡಿದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಿಂದ ಮೈಸೂರು ಪಾಕ್ ತರಿಸಿದರು. ಕೆಳಗಿನ ಮನೆಯವರಿಗೂ ಒಂದು ಡಬ್ಬಿ ಹೋಯಿತು. ಸ್ಯಾಂಪಲ್ಲಿನಲ್ಲಿದ್ದ ಉಳಿದ ಹೆಸರಿನವರಿಗೆ, ಅಂದರೆ ನಿಜವಾಗಿ ಉಸಿರಾಡುವ, ಸಾಲ ಕಟ್ಟುವ ಜನಕ್ಕೆ, ಯಾರು ತಿಳಿಸುತ್ತಾರೆ ಎಂದು ಕೇಳಿದೆ. “ಅದು ಬ್ಯಾಂಕಿಗೆ ಬಿಟ್ಟಿದ್ದು. ಹೇಳಿದ್ರೆ ಸುಮ್ನೆ ಪ್ಯಾನಿಕ್ ಆಗತ್ತೆ,” ಎಂದರು ರಘು ಸಾರ್. ಯಾರಿಗೂ ತಿಳಿಸಲಿಲ್ಲ. ಇವತ್ತಿನವರೆಗೂ ತಿಳಿಸಿಲ್ಲ.

ಮೇ ತಿಂಗಳ ಮೊದಲ ವಾರ, ರಣಬಿಸಿಲಿನಲ್ಲಿ, ನಮ್ಮ ಗೇಟಿನ ಹತ್ತಿರ ಯಾರೋ ನಿಂತಿದ್ದಾರೆ ಎಂದು ಕೆಳಗಿನ ಮನೆಯ ಆಂಟಿ ಕೂಗಿದರು. ಇಳಿದು ನೋಡಿದರೆ ಸುವರ್ಣಾ. ಪಕ್ಕದಲ್ಲಿ ಒಂದು ಸೂಟ್‌ಕೇಸು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುರುಕಿದ ಚಾದರ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

“ಮೇಡಂ, ನೀವು ನೋಡಿದ್ರಲ್ರಿ,” ಎಂದಳು. ನಮಸ್ಕಾರ ಇಲ್ಲ, ಏನಿಲ್ಲ. “ಗ್ವಾಡಿ ಮ್ಯಾಲ ಹಚ್ಚಿದ್ದು ನೀವು ಕಣ್ಣಾರೆ ನೋಡಿದ್ರಲ್ರಿ?”

“ನೋಡಿದ್ದೆ. ಏನಾಯ್ತು ಸುವರ್ಣಾ?”

ಅವಳು ಹೇಳುತ್ತಾ ಹೋದಳು. ಕಮಲಾಕ್ಷಿಯಿದ್ದ ಕಡತವನ್ನು ಕಂಪ್ಯೂಟರಿನಿಂದ ಹೊರಗೆ ತೆಗೆದವರು ಯಾರು ಎಂದು ಬ್ಯಾಂಕಿನವರು ದಾಖಲೆ ನೋಡಿದ್ದಾರೆ. ಸುವರ್ಣಾ ಎಂದಿದೆ. ಮುಗಿಯಿತು. ಅದೇ ದಿನ ಅವಳನ್ನು ಕೆಲಸದಿಂದ ಹೊರಗೆ ಹಾಕಿದ್ದಾರೆ. ಬ್ಯಾಂಕಿನ ವಿಚಾರಣೆಯವರು ಅವಳಿದ್ದ ಪಿಜಿಗೆ ಹೋಗಿ ಎಲ್ಲರ ಮುಂದೆ ಸೂಟ್‌ಕೇಸು ಬಿಚ್ಚಿಸಿ ಒಳಬಟ್ಟೆ ಸಮೇತ ಜಾಲಾಡಿದ್ದಾರೆ. ಪಿಜಿ ಆಂಟಿ ಮಾರನೆಯ ದಿನವೇ ರೂಮು ಖಾಲಿ ಮಾಡು ಎಂದಿದ್ದಾಳೆ. ಗೋಡೆಯ ಮೇಲಿನ ಹಾಳೆ ರಾತ್ರೋರಾತ್ರಿ ಮಾಯ. ಅಂಥದ್ದೊಂದು ಹಾಳೆ ಇರಲೇ ಇಲ್ಲ ಎಂದು ಪ್ರಕಾಶ್ ಹೇಳಿದ್ದಾನೆ. ನಾನೂ ಸುವರ್ಣಾನೇ ಎಂದು ಹಲ್ಲು ಕಿರಿದಿದ್ದ ಮೀಸೆಯವನನ್ನು ಕೇಳಿದರೆ, “ನನಗೆ ಗೊತ್ತಿಲ್ಲ” ಎಂದನಂತೆ. ಇಡೀ ಹಾಲಿಗೆ ಬಾಯಿಗೆ ಬೀಗ.

“ಸಹಿ ಮಾಡು ಅಂತಾರ್ರಿ. ನಾನ ಕದ್ದೇನಿ, ತಪ್ಪಾತು ಅಂತ ಬರದು ಸಹಿ ಮಾಡಿದ್ರ ಸುಮ್ಮನ ಬಿಡ್ತೀವಿ, ಇಲ್ಲಂದ್ರ ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಅಂತಾರ್ರಿ. ಮೇ ತಿಂಗಳ ಕಡೀತನ ಟೈಮ್ ಕೊಟ್ಟಾರ.” ಅವಳು ಅಳಲಿಲ್ಲ. “ಮಾಡದಿದ್ದಕ್ಕ ನಾ ಯಾಕ್ರಿ ಸಹಿ ಮಾಡ್ಲಿ? ಕಳ್ಳಿ ಅನಿಸಿಕೊಂಡು ನಾ ಊರಿಗೂ ಹೋಗಂಗಿಲ್ಲ.”

ನನ್ನ ಮೈಯೆಲ್ಲ ಉರಿಯತೊಡಗಿತು. ಮೆಟ್ಟಿಲು ಹತ್ತಿ ರಘು ಸಾರ್ ಕೋಣೆಗೆ ನುಗ್ಗಿದೆ. ನಾನು ಬರೆದಿದ್ದ ಆ ಪ್ಯಾರಾವನ್ನು ಈಗಲಾದರೂ ಬ್ಯಾಂಕಿಗೆ ಕಳಿಸಿ ಎಂದೆ. ಅವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

“ನೋಡಮ್ಮ, ಆಗ ಹೇಳದೇ ಇದ್ದದ್ದನ್ನ ಈಗ ಹೇಳಿದ್ರೆ, ಮುಂಚೆ ಯಾಕೆ ಹೇಳ್ಲಿಲ್ಲ ಅಂತ ನಮ್ಮನ್ನೇ ಹಿಡ್ಕೋತಾರೆ.”

“ಸಾರ್, ಒಬ್ಬ ಹುಡುಗಿ ಬೀದೀಲಿ ನಿಂತಿದಾಳೆ.”

“ಸಹಿ ಹಾಕಿ ಹೋಗ್ಲಿ ಬಿಡು. ಜೈಲಿಗೇನು ಹಾಕಲ್ವಲ್ಲ. ಇನ್ನೊಂದು ಕಡೆ ಕೆಲಸ ಸಿಗತ್ತೆ.”

ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಒಂದು ಬ್ಯಾಂಕು ಕಳ್ಳಿ ಎಂದವಳ ಹೆಸರು ಅಂಥ ಎಲ್ಲ ಕಂಪನಿಗಳಿಗೂ ಬಾಯಿಂದ ಬಾಯಿಗೆ ಮುಟ್ಟುತ್ತಿತ್ತು. ತಮಗೆ ತಗಲದ ಬೆಂಕಿಯ ಬಗ್ಗೆ ಎಷ್ಟು ತಣ್ಣಗೆ ಮಾತಾಡುತ್ತಾರಪ್ಪ ಈ ದೊಡ್ಡ ಮನುಷ್ಯರು! ನಾನು ಬಾಗಿಲು ದಡಾರನೆ ಹಾಕಿಕೊಂಡು ಬಂದೆ. ಸೂಟ್‌ಕೇಸನ್ನು ಸ್ಕೂಟರಿನ ಮುಂದಿಟ್ಟುಕೊಂಡು, ಬಕೆಟ್ಟನ್ನು ಸುವರ್ಣಾಳ ತೊಡೆಯ ಮೇಲಿಟ್ಟು, ಜಯನಗರದ ನಮ್ಮ ಮನೆಗೆ ಕರೆದುಕೊಂಡು ಹೋದೆ.

ಅಮ್ಮ ಮೊದಲು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ನಿಜವಾಗ್ಲೂ ಕದ್ದಿದ್ರೆ ಏನೇ ಮಾಡ್ತೀಯ?” ಎಂದು ಪಿಸುಗುಟ್ಟಿದಳು. ಅವಳಿಗೂ ಬೈದೆ. ಸಂಜೆಗೆ ನೋಡಿದರೆ ಸುವರ್ಣಾ ಜೋಳದ ಹಿಟ್ಟು ಕೇಳಿ ತರಿಸಿ ರೊಟ್ಟಿ ಬಡಿಯುತ್ತಿದ್ದಳು, ಅಮ್ಮ ಪಕ್ಕದಲ್ಲಿ ನಿಂತು ತಾನೂ ಒಂದು ಬಡಿಯಲು ಹೋಗಿ ಹರಿದುಕೊಂಡು ನಗುತ್ತಿದ್ದಳು. ಸುವರ್ಣಾ ನಗಲಿಲ್ಲ. ಆ ತಿಂಗಳು ಪೂರ್ತಿ ಅವಳು ನಕ್ಕಿದ್ದನ್ನು ನಾನು ನೋಡಲಿಲ್ಲ.

ಬ್ಯಾಂಕಿನವರು ಕರೆದಾಗಲೆಲ್ಲ ಅವಳು ಹೋಗಬೇಕಿತ್ತು. ಬೆಳಿಗ್ಗೆ ನಾನೇ ಸ್ಕೂಟರಿನಲ್ಲಿ ಊರೊಳಗಿನ ಅವರ ದೊಡ್ಡ ಕಚೇರಿಗೆ ಬಿಟ್ಟು, ಸಂಜೆ ನಾನೇ ಕರೆತರುತ್ತಿದ್ದೆ. ಒಳಗೆ ವಿಚಾರಣೆಯ ಸಾಹೇಬರು ಎದುರಿಗೆ ಕೂರಿಸಿಕೊಂಡು ಬೆಳಗಿಂದ ಸಂಜೆಯವರೆಗೆ ಅದನ್ನೇ ಕೇಳುತ್ತಿದ್ದರು. ಯಾರಿಗೆ ಕೊಟ್ಟೆ, ಎಷ್ಟು ತಗೊಂಡೆ, ಜೊತೆಗೆ ಯಾರಿದ್ದರು. ಮಧ್ಯಾಹ್ನ ಅವರಿಗೆ ಊಟ ಬರುತ್ತಿತ್ತು, ಇವಳಿಗೆ ನೀರು. ವಾಪಸು ಬರುವಾಗ ಲಾಲ್‌ಬಾಗಿನ ಹತ್ತಿರ ನಿಲ್ಲಿಸಿ ಎಳನೀರು ಕುಡಿಸುತ್ತಿದ್ದೆ. “ಇವತ್ತೂ ಮಾಡಲಿಲ್ರಿ,” ಎನ್ನುತ್ತಿದ್ದಳು. ಸಹಿಯ ಮಾತು.

ಇತ್ತ ನನ್ನ ಕೆಲಸ ನಡೆದೇ ಇತ್ತು. ಮೇ ತಿಂಗಳಿಗೆ ಹೊಸ ಸುಳ್ಳು ಗಿರಾಕಿ ಹುಟ್ಟಿದ್ದ: ವಿಲ್ಸನ್ ಗಾರ್ಡನ್ನಿನ ಪದ್ಮನಾಭಯ್ಯ, ನಿವೃತ್ತ ಮೇಷ್ಟ್ರು. ಅವನನ್ನು ಬಿಟಿಎಂನ ಕಡತಕ್ಕೆ ಸೇರಿಸಿದ್ದು ಸುವರ್ಣಾಳನ್ನು ಹೊರಗೆ ಹಾಕಿದ ಮೇಲೆ. ನನಗೆ ಒಂದೇ ಆಸೆ ಇತ್ತು. ಅವಳಿಲ್ಲದಿದ್ದರೂ ಮಾಲು ಸೋರಬೇಕು. ಕಳ್ಳತನ ನಡೆಯಲಪ್ಪಾ ಎಂದು ಜೀವನದಲ್ಲಿ ಬೇಡಿಕೊಂಡದ್ದು ಅದೊಂದೇ ಸಲ.

ತಿಂಗಳ ಕೊನೆಯ ವಾರ, ಆಲಿಕಲ್ಲು ಮಳೆ ಬಿದ್ದು ಜೆ.ಪಿ. ನಗರದ ರಸ್ತೆಯೆಲ್ಲ ಉದುರಿದ ಎಲೆಯಾಗಿದ್ದ ದಿನ, ಜರಡಿಗೆ ಪದ್ಮನಾಭಯ್ಯ ಸಿಕ್ಕಿದ. ಅದೇ ಬಜಾರು, ಅದೇ ಮಾರಾಟಗಾರ. ಈ ಸಲ ನಾನು ಕಿರುಚಲಿಲ್ಲ. ರಘು ಸಾರ್ ಮುಂದೆ ಹೋಗಿ ಕಾಗದ ಇಟ್ಟೆ. ಅವರ ಮುಖ ಅರಳಿತು. ಇನ್ನೊಂದು ಮೀನು, ಇನ್ನೊಂದು ವರ್ಷದ ಕಾಂಟ್ರಾಕ್ಟು. ಮಾರನೆಯ ದಿನವೇ ಬ್ಯಾಂಕಿನಲ್ಲಿ ಮೀಟಿಂಗು ಎಂದರು. ಸುವರ್ಣಾಳ ಸಹಿಗೆ ಕೊಟ್ಟಿದ್ದ ಗಡುವೂ ಅದೇ ದಿನ ಮುಗಿಯುತ್ತಿತ್ತು. ಅವಳನ್ನೂ ಕರೆದಿದ್ದರು. ಕಾರಿನಲ್ಲಿ ರಘು ಸಾರ್, “ನೀನು ಬರೀ ಟೆಕ್ನಿಕಲ್ ಹೇಳು. ಬೇರೆ ಏನೂ ಬೇಡ,” ಎಂದು ಬುದ್ಧಿ ಹೇಳುತ್ತಾ ಬಂದರು.

ಸುವರ್ಣಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ವಿಚಾರಣೆಯ ಸಾಹೇಬರು ಪದ್ಮನಾಭಯ್ಯನ ವಿಷಯ ಕೇಳಿ, ಯಾರಿಗೋ ಫೋನ್ ಮಾಡಿ ದಾಖಲೆ ನೋಡಿಸಿದರು. ರಿಸೀವರ್ ಇಟ್ಟು ಮೇಜು ಕುಟ್ಟಿ ನಕ್ಕರು.

“ನಾನು ಹೇಳ್ಲಿಲ್ವಾ? ಮತ್ತೆ ಅವಳೇ! ಈ ಕಡತಾನೂ ಸುವರ್ಣಾ ಲಾಗಿನ್ನಿಂದಲೇ ಹೋಗಿದೆ. ಏನ್ ಧೈರ್ಯ ನೋಡಿ ಈ ಹುಡುಗೀದು! ಇವತ್ತು ಸಹಿನೂ ಬೇಡ, ಏನೂ ಬೇಡ, ನೇರವಾಗಿ ಸ್ಟೇಷನ್ನಿಗೇ.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಕಳ್ಳಿ ಎಂದು ಕತ್ತು ಹಿಡಿದು ಹೊರಗೆ ದಬ್ಬಿದ ಮೇಲೂ ಬಿಟಿಎಂನವರೆಲ್ಲ ಅವಳ ಹೆಸರಿನಲ್ಲೇ ಕೂತು ಕೆಲಸ ಮಾಡುತ್ತಿದ್ದಾರೆ! ಹೊಸ ಲಾಗಿನ್‌ಗೆ ಅರ್ಜಿ ಹಾಕುವ ತಾಪತ್ರಯ ಯಾರಿಗೆ ಬೇಕು? ಗೋಡೆಯ ಹಾಳೆ ಹರಿದರು, ಅವಳನ್ನು ಹರಿದರು, ಹೆಸರನ್ನು ಮಾತ್ರ ಇಟ್ಟುಕೊಂಡರು.

“ಯಾವ ದಿನ ಹೋಗಿದೆ ಸಾರ್ ಈ ಕಡತ?” ಎಂದೆ. ರಘು ಸಾರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಸಾಹೇಬರು ಬರೆದುಕೊಂಡದ್ದನ್ನು ನೋಡಿದರು. “ಹೋದ ಮಂಗಳವಾರ. ಮಧ್ಯಾಹ್ನ. ಬಿಟಿಎಂ ಆಫೀಸಿನ ಮೆಷಿನ್ನಿಂದಲೇ.”

“ಹೋದ ಮಂಗಳವಾರ ಮಧ್ಯಾಹ್ನ ಸುವರ್ಣಾ ಇದೇ ರೂಮಲ್ಲಿದ್ಲು ಸಾರ್. ಇದೇ ಕುರ್ಚೀಲಿ. ನೀವು ಎದುರಿಗೆ ಕೂತು ಬೈತಾ ಇದ್ರಿ. ನಾನೇ ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಹೋಗಿದೀನಿ. ಆಗ ಬಿಟಿಎಂನಲ್ಲಿ ಕೂತಿದ್ದ ಸುವರ್ಣಾ ಯಾರು ಸಾರ್?”

ನಾನು ನಿಲ್ಲಿಸಲಿಲ್ಲ. ಗೋಡೆಯ ಹಾಳೆ, ಒಂದೇ ಲಾಗಿನ್, ವರದಿಯಿಂದ ಹೊಡೆದುಹಾಕಿದ ಪ್ಯಾರಾ, ಎಲ್ಲವನ್ನೂ ಒದರಿದೆ. ರಘು ಸಾರ್ ಕಿಟಕಿಯ ಕಡೆ ನೋಡುತ್ತಾ ಕೂತರು. ಸಾಹೇಬರ ನಗು ಮುಖದಲ್ಲೇ ಒಣಗಿತು. ಕೊನೆಗೆ ಅವರಂದದ್ದು ಇಷ್ಟು: “ಇದು ಟೆಕ್ನಿಕಲ್ ವಿಷಯ. ನೋಡೋಣ. ಆ ಹುಡುಗೀನ ಒಳಗೆ ಕರೀರಿ.”

ಸುವರ್ಣಾ ಬಂದು ನಿಂತಳು. ಕೂರಲು ಹೇಳಿದರು. ಆ ಕೋಣೆಯಲ್ಲಿ ಅವಳಿಗೆ ಮೊದಲ ಸಲ ಟೀ ಬಂತು. ಅವಳು ಮುಟ್ಟಲಿಲ್ಲ.

“ನಿನ್ನ ಮೇಲೆ ಕಂಪ್ಲೇಂಟ್ ಏನೂ ಕೊಡಲ್ಲಮ್ಮ. ಸಹಿನೂ ಬೇಡ. ಇಲ್ಲಿಗೆ ಮುಗೀತು. ಮನೆಗೆ ಹೋಗು.”

“ಹಂಗಂದ್ರ ನಾ ಕಳ್ಳಿ ಅಲ್ಲ ಅಂತ ಒಂದು ಕಾಗದ ಬರದು ಕೊಡ್ರಿ.”

“ನೀನು ಕಳ್ಳಿ ಅಂತ ನಾವೇನೂ ಬರೆದು ಕೊಟ್ಟಿಲ್ವಲ್ಲ. ಬರೀದೇ ಇರೋದನ್ನ ವಾಪಸ್ ತಗೊಳ್ಳೋದು ಹೇಗೆ?”

ಈ ಮಾತನ್ನು ಅವರು ಜಾಣತನವೆಂದು ತಿಳಿದೇ ಹೇಳಿದರು. ಎದುರಿಗಿದ್ದ ಟೀಯನ್ನು ಅವರ ಮುಖಕ್ಕೆ ಎರಚಬೇಕು ಎನ್ನಿಸಿತು. ಈಗಲೂ ಎರಚಬೇಕಿತ್ತು ಎಂದೇ ಅನ್ನಿಸುತ್ತದೆ. ಆದರೆ ಸುವರ್ಣಾ ನನಗಿಂತ ಗಟ್ಟಿ. ಅವಳು ಕೇಳಿದಳು:

“ಮತ್ತ ನನ್ನ ಹೆಸರು ಆ ಕಂಪ್ಯೂಟರ್‌ನ್ಯಾಗ ಇನ್ನೂ ಯಾಕ ಐತ್ರಿ? ಅದನ್ನರ ತಗೀರಿ. ಇವತ್ತ ತಗೀರಿ. ನಾ ಅಲ್ಲಿ ಎದುರಿಗೆ ನಿಂತಾಗ ತಗೀಬೇಕ್ರಿ.”

ಸಾಹೇಬರಿಗೇ ಅರಿವಿಲ್ಲದಂತೆ ಒಂದು ನಿಟ್ಟುಸಿರು ಹೊರಬಿತ್ತು. ಪರಿಹಾರ ಕೇಳುತ್ತಾಳೆ, ವಕೀಲರ ಹತ್ತಿರ ಹೋಗುತ್ತಾಳೆ ಎಂದುಕೊಂಡಿದ್ದರೇನೋ. ಇಷ್ಟೇನಾ! ತಕ್ಷಣ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿ, ಈ ಮೇಡಂ ಬಿಟಿಎಂನಿಂದ ಫೋನ್ ಮಾಡಿದ ಕೂಡಲೇ ಸುವರ್ಣಾ ಎಂಬ ಲಾಗಿನ್ ಅಳಿಸಿಬಿಡಿ ಎಂದು ಹೇಳಿದರು. ತಾವು ಏನು ಕೊಟ್ಟೆವು ಎಂಬುದು ಅವರಿಗೆ ಗೊತ್ತಾಗಲಿಲ್ಲ. ನಾನಷ್ಟು ಬಿಡಿಸಿ ಬಿಡಿಸಿ ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ.

ಆಮೇಲಿನದನ್ನೆಲ್ಲ ಇಲ್ಲೇ ಹೇಳಿ ಮುಗಿಸುತ್ತೇನೆ, ಹೇಳಲು ನನಗೆ ಖುಷಿಯೇನೂ ಇಲ್ಲ. ನಿಜವಾಗಿ ಕದ್ದವರು ಯಾರು ಎಂದು ಯಾರೂ ಹುಡುಕಲಿಲ್ಲ. ಹುಡುಕಿದರೆ ಸಿಗುತ್ತಿದ್ದರು, ಅದೇ ತೊಂದರೆ. ಬ್ಯಾಂಕು ನಮ್ಮ ಕಂಪನಿಯ ಕಾಂಟ್ರಾಕ್ಟನ್ನು ನವೀಕರಿಸಲಿಲ್ಲ. ನೋಡುವವರಿಲ್ಲದಿದ್ದರೆ ಸೋರುವುದೂ ಇಲ್ಲ ಎಂಬುದು ಅವರ ಲೆಕ್ಕ. ರಘು ಸಾರ್ ನನ್ನೊಂದಿಗೆ ಮಾತು ಬಿಟ್ಟರು, ನಾನು ಕೆಲಸ ಬಿಟ್ಟೆ. ಸುವರ್ಣಾ ಬನಶಂಕರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿ, ಅಲ್ಲೇ ನೆಲೆಯೂರಿದಳು. ಪದ್ಮನಾಭಯ್ಯನ ಜೊತೆ ಮಾರಾಟವಾದ ನಿಜವಾದ ಜನರು ಈಗಲೂ ಜಯನಗರದಲ್ಲಿ, ಬಸವನಗುಡಿಯಲ್ಲಿ ತರಕಾರಿ ಕೊಳ್ಳುತ್ತಾ ಓಡಾಡುತ್ತಿದ್ದಾರೆ. ಅವರಿಗೇನೂ ಗೊತ್ತಿಲ್ಲ.

ನನಗೆ ಬೇಕಾದದ್ದು ಆ ಮಧ್ಯಾಹ್ನ ಮಾತ್ರ.

ನಾವು ಬಿಟಿಎಂ ತಲುಪಿದಾಗ ಊಟ ಮುಗಿಸಿ ಎಲ್ಲರೂ ಮತ್ತೆ ಕೂತಿದ್ದರು. ತಿಂಗಳ ಕೊನೆ, ಕೀಬೋರ್ಡುಗಳ ಚಟಪಟ ಮೆಟ್ಟಿಲಿಗೇ ಕೇಳುತ್ತಿತ್ತು. ಸುವರ್ಣಾ ಒಳಗೆ ಕಾಲಿಟ್ಟದ್ದೇ ಆ ಸದ್ದು ಒಂದೊಂದಾಗಿ ಕಡಿಮೆಯಾಯಿತು. ಮೀಸೆಯವನು ಸ್ಕ್ರೀನಿನ ಹಿಂದೆ ತಲೆ ತಗ್ಗಿಸಿದ. ನೀರಿನ ಕ್ಯಾನಿನ ಮೇಲ್ಗಡೆ ಗೋಡೆಯಲ್ಲಿ ಹಾಳೆ ಕಿತ್ತ ಜಾಗದ ಸುಣ್ಣ ಇನ್ನೂ ಬೆಳ್ಳಗಿತ್ತು. ಪ್ರಕಾಶ್ ತನ್ನ ಕ್ಯಾಬಿನ್ನಿನಿಂದ ಓಡಿಬಂದ.

“ಏಯ್, ನಿನ್ನ ಯಾರ್ ಒಳಗೆ ಬಿಟ್ಟಿದ್ದು? ಮೇಡಂ, ಏನಿದು?”

“ಬ್ಯಾಂಕಿನ ಆರ್ಡರ್,” ಎಂದೆ. “ಸುವರ್ಣಾ ಲಾಗಿನ್ ಅಳಿಸ್ತಾರೆ, ಈಗ.”

ಪ್ರಕಾಶನ ಮುಖ ಬಿಳಿಚಿಕೊಂಡಿತು. ಅವನಿಗೆ ತಕ್ಷಣ ತಿಳಿಯಿತು. ತಗ್ಗಿದ ದನಿಯಲ್ಲಿ, “ಮೇಡಂ, ಪ್ಲೀಸ್, ಇವತ್ತು ಮಂತ್ ಎಂಡ್. ಒಂದ್ ವಾರ ಟೈಮ್ ಕೊಡಿ. ಹೊಸ ಲಾಗಿನ್‌ಗೆ ಅಪ್ಲೈ ಮಾಡ್ತೀನಿ, ಎಲ್ಲಾ ಕೆಲಸ ನಿಂತೋಗತ್ತೆ,” ಎಂದ.

“ಯಾಕ್ರಿ ನಿಲ್ತದ?” ಎಂದಳು ಸುವರ್ಣಾ, ಇಡೀ ಹಾಲಿಗೆ ಕೇಳುವಂತೆ. “ಆ ಹೆಸರಿನಾಗ ನಾ ಒಬ್ಬಾಕೀನ ಅಲ್ರೀ ಕೆಲಸ ಮಾಡ್ತಿದ್ದಾಕಿ? ನೀವ ಸಾಹೇಬ್ರ ಮುಂದ ಹಂಗ ಹೇಳೀರಿ. ನಾ ಇಲ್ಲ ಅಂದ್ಮ್ಯಾಲ ಯಾರ ಕೆಲಸ ನಿಲ್ತದ್ರಿ?”

ನಾನು ಮೊಬೈಲಿನಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿ, “ತೆಗೆದುಬಿಡಿ” ಎಂದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊದಲ ಸಾಲಿನಲ್ಲಿ ಯಾರೋ “ಅಯ್ಯೋ” ಎಂದರು. ಎರಡನೇ ಸಾಲಿನಲ್ಲಿ ಇನ್ನೊಬ್ಬರು. ಒಂದೊಂದೇ ಸ್ಕ್ರೀನಿನಿಂದ ಅರ್ಜಿಗಳು ಮಾಯವಾಗಿ, ನೀನು ಯಾರು ಎಂದು ಕೇಳುವ ಖಾಲಿ ಚೌಕ ಬಂದು ನಿಂತಿತು. ಮೀಸೆಯವನದು, ಅವನ ಪಕ್ಕದವಳದು, ಕಿಟಕಿ ಹತ್ತಿರದವರದು, ಕೊನೆಗೆ ಕ್ಯಾಬಿನ್ನಿನೊಳಗೆ ಪ್ರಕಾಶನದೂ. ಇಡೀ ಹಾಲಿನಲ್ಲಿ ಒಳಗೆ ಹೋಗಲು ಸ್ವಂತ ಹೆಸರಿದ್ದವರು ಒಬ್ಬರೂ ಇರಲಿಲ್ಲ. ಎಲ್ಲರ ಕೈಗಳೂ ಕೀಬೋರ್ಡಿನ ಮೇಲೆ ಹಾಗೇ ನಿಂತಿದ್ದವು.

ಸುವರ್ಣಾ ಸಾಲು ಸಾಲಾಗಿ ಎಲ್ಲರ ಮುಖ ನೋಡುತ್ತಾ ಹಾಲಿನ ಆ ತುದಿಗೆ ಹೋಗಿ ವಾಪಸು ಬಂದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬಾಗಿಲ ಹತ್ತಿರ ಬಂದು ತಿರುಗಿ ನಿಂತಳು.

“ಇನ್ ಮ್ಯಾಲ ಏನ್ ಮಾಡೋದಿದ್ರೂ ನಿಮ್ಮ ನಿಮ್ಮ ಹೆಸರಿನಾಗ ಮಾಡ್ರಿ,” ಎಂದಳು.